ಕೇಳಿ ಕೊಳ್ಳಿ, ಹೇಳಿ ಮಾರಿ

ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ಕಂಡವರಿಗೆ ಎತ್ತಿನ ವ್ಯಾಪಾರದ ರೀತಿ ಗೊತ್ತಿರುವುದುಂಟು. ಕೊಳ್ಳುವ ರೈತ ಮೊದಲು ಎತ್ತಿನ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಮೈಮೇಲಿನ ಸುಳಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ಕಾಲಿನಲ್ಲಿ ಕುಂಟೇನಾದರೂ ಇದೆಯೇ ಎಂದು ಪರೀಕ್ಷಿಸುತ್ತಾನೆ. ಟವಲಿನ ಮರೆಯಲ್ಲಿ ಬೆರಳ ಸನ್ನೆಯಿಂದ ಬೆಲೆಯ ಮಾತು ನಡೆಯುವುದು ಇವೆಲ್ಲ ಆದ ಮೇಲೆಯೇ. ಸಂತೆಯಲ್ಲಿ ಮಡಕೆ ಕೊಳ್ಳುವ ಗೃಹಿಣಿಯೂ ಅಷ್ಟೆ. ಬೆರಳ ಗಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಬಿರುಕಿಲ್ಲವೆಂದು ಖಚಿತವಾದ ಮೇಲೆಯೇ ಸೆರಗಿನ ಗಂಟು ಬಿಚ್ಚುತ್ತಾಳೆ. ಇಷ್ಟೊಂದು ಎಚ್ಚರವುಳ್ಳ ನಾಡಿನಲ್ಲಿ, ಹಳೆಯ ಸ್ಟೀರಿಯೋ ಪವರ್ ಆಂಪ್ಲಿಫೈಯರ್ ಕೊಳ್ಳುವ ಸಂದರ್ಭ ಬಂದಾಗ ಮಾತ್ರ, ಓದು ಬರಹ ಬಲ್ಲವರು ಕೂಡ ಮುಂಭಾಗದ ಹೊಳಪನ್ನೂ ಕೆತ್ತಿದ ಹೆಸರನ್ನೂ ನೋಡಿ ಹಣ ಎಣಿಸಿಬಿಡುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಮನೆಗೆ ಬಂದ ಪೆಟ್ಟಿಗೆಯಿಂದ ಹೊಗೆ ಬಂದ ಮೇಲೆ ನೆನಪಾಗುತ್ತದೆ.

ಬೆಂಗಳೂರಿನ ಹೊರವಲಯದಲ್ಲಿ ಈ ವ್ಯಾಪಾರಕ್ಕೆ ತಕ್ಕ ನೆಲೆ ತಾನಾಗಿಯೇ ಒದಗಿದೆ. 1882ರಲ್ಲಿ, ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, ಆಂಗ್ಲೋ-ಇಂಡಿಯನ್ನರ ವಸತಿಯಾಗಿ ಹುಟ್ಟಿದ ವೈಟ್‌ಫೀಲ್ಡ್ ಇಂದು ಬಹುಮಹಡಿ ಮನೆಗಳ ಊರು. 1978ರಲ್ಲಿ ಆರ್. ಕೆ. ಬಾಳಿಗರ ಮುಂದಾಳುತನದಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿಯೂ ಇಂದು ದೇಶವಿದೇಶಗಳ ಜನ ಬಂದು ಹೋಗುವ ತಾಣ. ಕೆಲಸಕ್ಕಾಗಿ ಬಂದವರು ಕೆಲಸಕ್ಕಾಗಿಯೇ ಹೊರಡುತ್ತಾರೆ. ಹೊರಡುವಾಗ ಸೋಫಾ, ಕಪಾಟುಗಳ ಜೊತೆಗೆ ಹದಿನೈದು ಇಪ್ಪತ್ತು ಕಿಲೋ ತೂಗುವ ಆಂಪ್ಲಿಫೈಯರನ್ನೂ ಹೊತ್ತೊಯ್ಯುವುದು ಸುಲಭವಲ್ಲ. ಇನ್ನೊಂದು ದಿಕ್ಕಿನಲ್ಲಿ, ತುಮಕೂರು ರಸ್ತೆಯ ಪೀಣ್ಯದಲ್ಲಿ, ಲೇತು, ವೆಲ್ಡಿಂಗು, ತಗಡಿನ ಕೆಲಸ, ಕಾಯಿಲ್ ಸುತ್ತುವ ಕೆಲಸಗಳಲ್ಲಿ ಕೈ ಪಳಗಿದವರಿದ್ದಾರೆ. ಹೊಸ ಯಂತ್ರವನ್ನು ಕೊಳ್ಳುವಷ್ಟು ಹಣ ಅವರ ಬಳಿ ಇರದಿರಬಹುದು. ಹಳೆಯ ಯಂತ್ರದ ಯೋಗ್ಯತೆಯನ್ನು ಅಳೆಯುವ ಕಣ್ಣು ಇರುತ್ತದೆ. ಈಗ ಮೂರು ಬಡಾವಣೆಗಳಿಗೂ ಮೆಟ್ರೋ ಸಂಪರ್ಕವುಂಟು: ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರಲ್ಲಿ ರೈಲು ಬಂದಿತು. ಸಾಮಾನಿನ ತೂಕಕ್ಕೆ ಮಿತಿಯಿರುವುದರಿಂದ ಯಂತ್ರ ಆಟೋದಲ್ಲಿ ಬರಬೇಕಾದೀತು. ನೋಡಲು ಹೋಗುವವನ ಪ್ರಯಾಣವಂತೂ ಹಗುರವಾಗಿದೆ.

ಈ ಯಂತ್ರದ ಕೆಲಸವೇನೆಂಬುದನ್ನು ಮೊದಲು ತಿಳಿಯುವುದು ಲೇಸು. ಧ್ವನಿಮುದ್ರಣದಿಂದ ಬರುವ ವಿದ್ಯುತ್ ಸಂಕೇತ ಬಹು ಕ್ಷೀಣವಾದುದು. ಅದಕ್ಕೆ ಸ್ಪೀಕರಿನ ಕಾಗದದ ಶಂಕುವನ್ನು ನಡುಗಿಸುವ ಬಲವಿಲ್ಲ. ಆ ಬಲ ಕೊಡುವುದೇ ಪವರ್ ಆಂಪ್ಲಿಫೈಯರ್. ಎಡಗಿವಿಯದೊಂದು, ಬಲಗಿವಿಯದೊಂದು, ಹೀಗೆ ಎರಡು ಸಮಾನ ಮಾರ್ಗಗಳಿದ್ದರೆ ಅದು ಸ್ಟೀರಿಯೋ. ಪೆಟ್ಟಿಗೆಯೊಳಗೆ ಭಾರವಾದ ಟ್ರಾನ್ಸ್‌ಫಾರ್ಮರ್, ವಿದ್ಯುತ್ತನ್ನು ಕೂಡಿಡುವ ದೊಡ್ಡ ಕೆಪಾಸಿಟರುಗಳು, ಶಾಖವನ್ನು ಹೊರಹಾಕುವ ಅಲ್ಯೂಮಿನಿಯಮ್ಮಿನ ರೆಕ್ಕೆಗಳು, ಅವುಗಳಿಗೆ ಬಿಗಿದ ಪವರ್ ಟ್ರಾನ್ಸಿಸ್ಟರುಗಳು ಇರುತ್ತವೆ. ತಿರುಗುವ ಭಾಗಗಳು ಇಲ್ಲವೆಂದೇ ಹೇಳಬೇಕು. ಆದ್ದರಿಂದಲೇ ಒಳ್ಳೆಯ ಆಂಪ್ಲಿಫೈಯರ್ ಮೂವತ್ತು ನಲವತ್ತು ವರ್ಷ ಬಾಳುವುದುಂಟು. ಹಳತಾದರೂ ಕೊಳ್ಳಲು ಯೋಗ್ಯವಾಗಿರುವುದುಂಟು.

ಹೆಸರಿನ ಮೋಹಕ್ಕೆ ಒಂದು ಚರಿತ್ರೆಯೂ ಇದೆ. 1991ಕ್ಕೆ ಮುಂಚೆ ವಿದೇಶದ ಆಂಪ್ಲಿಫೈಯರ್ ಮನೆಗೆ ಬರಬೇಕಾದರೆ ಕೊಲ್ಲಿ ದೇಶಗಳಲ್ಲೋ ಅಮೆರಿಕದಲ್ಲೋ ಇದ್ದ ಬಂಧುಗಳು ತರಬೇಕಾಗಿತ್ತು, ಸುಂಕವೂ ವಿಪರೀತವಾಗಿತ್ತು. ಆಮದಿನ ಪರಿಮಾಣ ನಿರ್ಬಂಧಗಳು ಪೂರ್ಣವಾಗಿ ತೊಲಗಿದ್ದು 2001ರ ಏಪ್ರಿಲಿನಲ್ಲಿ. ಅದುವರೆಗೆ ಕಲ್ಕತ್ತೆಯ ಸೋನೋಡೈನ್, ಮುಂಬಯಿಯ ಕಾಸ್ಮಿಕ್ ಮೊದಲಾದ ದೇಶೀಯ ಯಂತ್ರಗಳೇ ಮಧ್ಯಮವರ್ಗದ ಮನೆಗಳಲ್ಲಿ ಹಾಡಿದವು. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ಅವುಗಳಿಗೆ ಮರ್ಯಾದೆ ಕಡಿಮೆ. ಜಪಾನಿನ ಹೆಸರಿದ್ದರೆ ಕಣ್ಣು ಮುಚ್ಚಿ ಬೆಲೆ ತೆರುವವರಿದ್ದಾರೆ. ಆದರೆ ಚೆನ್ನಾಗಿ ಕಾಪಾಡಿದ ದೇಶೀಯ ಯಂತ್ರ, ಕಂಡ ಕಂಡ ಕೈಗಳಲ್ಲಿ ರಿಪೇರಿಯಾದ ಪರದೇಶದ ಯಂತ್ರಕ್ಕಿಂತ ಎಷ್ಟೋ ಪಾಲು ಮೇಲು.

ಎರಡನೆಯ ಮೋಹ ವ್ಯಾಟುಗಳದು. ಇನ್ನೂರು ವ್ಯಾಟ್ ನೂರು ವ್ಯಾಟಿನ ಎರಡರಷ್ಟು ಜೋರಾಗಿ ಕೇಳೀತೆಂದು ತಿಳಿಯುವುದು ಸಹಜ. ನಿಜದಲ್ಲಿ ಶಕ್ತಿ ಎರಡರಷ್ಟಾದರೆ ಧ್ವನಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಎನಿಸಬೇಕಾದರೆ ಸುಮಾರು ಹತ್ತುಪಟ್ಟು ಶಕ್ತಿ ಬೇಕು. ಮನೆಯ ಕೋಣೆಯಲ್ಲಿ ಮಿತವಾದ ಧ್ವನಿಯಲ್ಲಿ ಹಾಡು ಕೇಳುವಾಗ ಒಂದೆರಡು ವ್ಯಾಟೇ ಖರ್ಚಾಗುತ್ತಿರುತ್ತದೆ. ಉಳಿದ ಶಕ್ತಿ ಮೃದಂಗದ ಪೆಟ್ಟಿನಂಥ ಕ್ಷಣಗಳಿಗಾಗಿ ಕಾಯ್ದಿರಿಸಿದ್ದು. 1978ರಲ್ಲಿ ಬಂದು ಲೋಕಪ್ರಸಿದ್ಧವಾದ ನ್ಯಾಡ್ 3020 ಎಂಬ ಯಂತ್ರದ ಘೋಷಿತ ಶಕ್ತಿ ಪ್ರತಿ ಮಾರ್ಗಕ್ಕೆ 20 ವ್ಯಾಟ್ ಅಷ್ಟೆ. ಇನ್ನು ಪೆಟ್ಟಿಗೆಯ ಮೇಲೆ ‘ಪಿಎಂಪಿಒ’ ಎಂದು ಸಾವಿರಗಟ್ಟಲೆ ವ್ಯಾಟ್ ಬರೆದಿದ್ದರೆ ಆ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಎರಡೂ ಮಾರ್ಗಗಳು ಏಕಕಾಲದಲ್ಲಿ ದುಡಿಯುವಾಗ, 8 ಓಮಿನ ಸ್ಪೀಕರಿಗೆ, ನಿರಂತರವಾಗಿ ಎಷ್ಟು ವ್ಯಾಟ್ ಎಂಬುದೊಂದೇ ಸರಿಯಾದ ಪ್ರಶ್ನೆ. ಇಂಥ ಜಾಹೀರಾತುಗಳ ಹಾವಳಿ ಮಿತಿಮೀರಿದ್ದರಿಂದಲೇ ಅಮೆರಿಕದ ಸರಕಾರ 1974ರಲ್ಲಿ ವ್ಯಾಟ್ ಅಳೆಯುವ ಕ್ರಮಕ್ಕೆ ಕಟ್ಟಳೆ ಮಾಡಬೇಕಾಯಿತು.

ಹೆಸರೂ ಅಲ್ಲ, ವ್ಯಾಟೂ ಅಲ್ಲವಾದರೆ ಹಳೆಯ ಆಂಪ್ಲಿಫೈಯರಿನ ಬೆಲೆ ಯಾವುದರ ಮೇಲೆ ನಿಂತಿದೆ? ಅದರ ಒಳಗೆ ಇದುವರೆಗೆ ಏನೇನು ನಡೆದಿದೆಯೆಂಬುದರ ಮೇಲೆ. ಹೊಸ ಯಂತ್ರಕ್ಕೆ ಕಂಪನಿಯ ಭರವಸೆ ಇದೆ. ಹಳೆಯದಕ್ಕೆ ಮಾರುವವನ ಮಾತಿದೆ.

ಕೆಪಾಸಿಟರಿನ ವಿಷಯವನ್ನೇ ನೋಡಬಹುದು. ಅದರೊಳಗಿನ ದ್ರವ ಶಾಖಕ್ಕೆ ಕ್ರಮೇಣ ಆರುತ್ತದೆ. ಶಾಖ 10 ಡಿಗ್ರಿ ಸೆಲ್ಸಿಯಸ್ ಹೆಚ್ಚಿದಾಗಲೆಲ್ಲ ಅದರ ಆಯಸ್ಸು ಅರ್ಧಕ್ಕಿಳಿಯುತ್ತದೆಂಬುದು ತಂತ್ರಜ್ಞರ ಸ್ಥೂಲ ಲೆಕ್ಕ. ಗಾಳಿಯಾಡದ ಕಪಾಟಿನಲ್ಲಿ, ಮೇಲೆ ಲೇಸಿನ ಬಟ್ಟೆ ಹೊದಿಸಿ, ಅದರ ಮೇಲೊಂದು ಹೂದಾನಿ ಇಟ್ಟು ಬೆಳೆಸಿದ ಯಂತ್ರಕ್ಕೂ, ಬಯಲಾಗಿ ಇಟ್ಟ ಯಂತ್ರಕ್ಕೂ ವಯಸ್ಸಿನ ಅಂತರ ಬಹಳ. ಮತ್ತೆ ಟ್ರಾನ್ಸಿಸ್ಟರುಗಳು. ಪೀಣ್ಯಕ್ಕೆ ಸಮೀಪದ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳನ್ನೂ 1962ರಲ್ಲಿ ಜರ್ಮೇನಿಯಮ್ ಅರೆವಾಹಕಗಳನ್ನೂ ತಯಾರಿಸಲಾರಂಭಿಸಿತು. ಇಂದು ಹಳೆಯ ಯಂತ್ರಗಳ ಎಷ್ಟೋ ಟ್ರಾನ್ಸಿಸ್ಟರುಗಳ ತಯಾರಿಕೆಯೇ ನಿಂತಿದೆ. ನಿಂತ ಮಾಲಿಗೆ ನಕಲಿಗಳು ಹುಟ್ಟುತ್ತವೆ. ಹೊರಗೆ ಅದೇ ಅಂಕಿ, ಅದೇ ಮುದ್ರೆ. ಒಳಗೆ ಅಗತ್ಯಕ್ಕಿಂತ ಬಲು ಚಿಕ್ಕದಾದ ಸಿಲಿಕಾನ್ ತುಣುಕು. ಮೆಲ್ಲಗೆ ಹಾಡಿಸಿದರೆ ಹಾಡುತ್ತದೆ. ಮಗಳ ಹುಟ್ಟುಹಬ್ಬಕ್ಕೆ ಸ್ವಲ್ಪ ಜೋರು ಮಾಡಿದೊಡನೆ ಸುಡುತ್ತದೆ. ಜೊತೆಗೆ ಸ್ಪೀಕರನ್ನೂ ಸುಡುತ್ತದೆ.

ಇದನ್ನು ಮಾರುವವನು ಬಾಯಿಬಿಟ್ಟು ಹೇಳಬೇಕೇ? ಕಾನೂನು ಇಲ್ಲಿ ಕುತೂಹಲಕರವಾಗಿದೆ. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮು ವಂಚನೆ ಯಾವುದೆಂದು ವಿವರಿಸುತ್ತ, ಬರಿಯ ಮೌನ ಸಾಮಾನ್ಯವಾಗಿ ವಂಚನೆಯಲ್ಲವೆನ್ನುತ್ತದೆ. ಅದು ಕೊಡುವ ದೃಷ್ಟಾಂತ ಜಾತ್ರೆಯ ಮೈದಾನದಿಂದ ಎದ್ದುಬಂದಂತಿದೆ. ಒಬ್ಬನು ತನ್ನ ಕುದುರೆ ರೋಗಪೀಡಿತವೆಂದು ಬಲ್ಲನು, ಹರಾಜಿನಲ್ಲಿ ಇನ್ನೊಬ್ಬನಿಗೆ ಮಾರುತ್ತಾನೆ, ಏನೂ ಹೇಳುವುದಿಲ್ಲ. ಅದು ವಂಚನೆಯಲ್ಲ. ಕೊಳ್ಳುವವಳು ಆಗತಾನೇ ಪ್ರಾಪ್ತವಯಸ್ಕಳಾದ ಅವನ ಮಗಳಾದರೆ, ಆ ಸಂಬಂಧದ ದೆಸೆಯಿಂದಲೇ ಹೇಳುವುದು ಅವನ ಕರ್ತವ್ಯವಾಗುತ್ತದೆ. ಮೂರನೆಯ ದೃಷ್ಟಾಂತವೇ ಮುಖ್ಯವಾದುದು. ‘ನೀನು ಅಲ್ಲಗಳೆಯದಿದ್ದರೆ ಕುದುರೆ ಆರೋಗ್ಯವಾಗಿದೆಯೆಂದೇ ತಿಳಿಯುತ್ತೇನೆ’ ಎಂಬರ್ಥದಲ್ಲಿ ಕೊಳ್ಳುವವನು ಮೊದಲೇ ನುಡಿದಿದ್ದರೆ, ಆಮೇಲೆ ಮಾರುವವನ ಮೌನವೂ ಮಾತಿಗೆ ಸಮಾನ.

ಕೊಳ್ಳುವವರು ಇದರಿಂದ ಕಲಿಯಬೇಕಾದ ಪಾಠ ಸ್ಪಷ್ಟ. ಸಂಕೋಚಪಟ್ಟು ಸುಮ್ಮನಿರಬಾರದು. ರಿಪೇರಿಯಾಗಿದೆಯೇ? ಯಾವಾಗ, ಯಾರಿಂದ? ಟ್ರಾನ್ಸಿಸ್ಟರು ಬದಲಾಗಿದೆಯೇ, ಎರಡೂ ಕಡೆಯೇ, ಒಂದೇ ಕಡೆಯೇ? ಎಷ್ಟು ವರ್ಷದಿಂದ ಬಳಸದೆ ಇಟ್ಟಿದೆ? ಈ ಪ್ರಶ್ನೆಗಳನ್ನು ಕೇಳಿ, ಬಂದ ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಯಾರ ಗೌರವಕ್ಕೂ ಕುಂದಿಲ್ಲ. ಯಂತ್ರ ತನ್ನದೇ ಎಂಬುದಕ್ಕೆ ಹಳೆಯ ರಸೀದಿಯಿದ್ದರೆ ಅದನ್ನೂ ನೋಡಬೇಕು. ಕದ್ದ ಮಾಲಿಗೆ ಬೆಲೆ ಕೊಟ್ಟಮಾತ್ರಕ್ಕೆ ಅದು ಕೊಂಡವನ ಸ್ವತ್ತಾಗುವುದಿಲ್ಲ.

ಹೇಳುವ ಕರ್ತವ್ಯ ಮಾರುವವನದು ಮಾತ್ರವೇ? ವೈಟ್‌ಫೀಲ್ಡಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮನೆಯ ಯಜಮಾನರು ತೀರಿಕೊಂಡು ವರ್ಷವಾಗಿದೆ. ಹೊರದೇಶದಲ್ಲಿರುವ ಮಗ ತಾಯಿಯನ್ನು ಕರೆದೊಯ್ಯಲು ಬಂದಿದ್ದಾನೆ. ಮನೆ ಖಾಲಿಯಾಗಬೇಕು. ಯಜಮಾನರು ಪ್ರತಿ ಸಂಜೆ ದೊರೆಸ್ವಾಮಿ ಅಯ್ಯಂಗಾರರ ವೀಣೆಯನ್ನು ಕೇಳುತ್ತಿದ್ದ ಆಂಪ್ಲಿಫೈಯರಿಗೆ ಗುಜರಿಯವನು ತೂಕದ ಬೆಲೆ ಹೇಳಿ ಹೋಗಿದ್ದಾನೆ. ಪೀಣ್ಯದಿಂದ ಬಂದ ಫಿಟರೊಬ್ಬನು ಅದನ್ನು ನೋಡುತ್ತಾನೆ.

“ಅಮ್ಮಾ, ಇದನ್ನ ಗುಜರಿಗೆ ಕೊಡೋ ಮಾತು ಆಡಬೇಡಿ.”

“ಎರಡು ಸಲ ಕೆಟ್ಟಿತ್ತಪ್ಪ. ಅವರೇ ಹೋಗಿ ಮಾಡಿಸಿಕೊಂಡು ಬಂದಿದ್ದರು. ಚೀಟಿಗಳೆಲ್ಲ ಆ ಪುಸ್ತಕದೊಳಗಿವೆ. ಹಳೆಯದಲ್ಲವೆ, ಯಾರು ಕೊಂಡಾರು?”

“ಚೀಟಿ ಇದ್ದರೆ ಇನ್ನೂ ಒಳ್ಳೆಯದಾಯಿತಮ್ಮ. ಗುಜರಿಯವನು ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚು ಬಾಳುತ್ತೆ ಇದು. ನನ್ನ ಹತ್ತಿರ ಇರೋದು ಇಷ್ಟು. ಅಷ್ಟಕ್ಕೆ ಕೊಡಬೇಕು ಅನ್ನಿಸದಿದ್ದರೆ ಇನ್ನೂ ನಾಲ್ಕು ಜನರಿಗೆ ತೋರಿಸಿ.”

ಆ ತಾಯಿ ಕೆಟ್ಟದ್ದನ್ನು ಮುಚ್ಚಿಡಲಿಲ್ಲ. ಬಂದವನು ಒಳ್ಳೆಯದನ್ನು ಮುಚ್ಚಿಡಲಿಲ್ಲ. ಕೊಳ್ಳುವವನು ವಸ್ತುವಿನ ಮೇಲ್ಮೆಯನ್ನು ಹೇಳಲೇಬೇಕೆಂದು ಯಾವ ಕಲಮೂ ಒತ್ತಾಯಿಸುವುದಿಲ್ಲ. ಆದರೆ ತಿಳಿಯದವರ ತಿಳಿಯದಿರುವಿಕೆಯನ್ನೇ ಲಾಭ ಮಾಡಿಕೊಂಡು ಬಂದ ವಸ್ತುವಿನ ಮುಂದೆ ಕುಳಿತು ವೀಣೆಯನ್ನು ಸುಖವಾಗಿ ಕೇಳುವುದು ಮನಸ್ಸಾಕ್ಷಿಯುಳ್ಳವರಿಗೆ ಕಷ್ಟ.

ಮಾತು ನಿಜವಾದರೂ ಪರೀಕ್ಷೆ ತಪ್ಪಬಾರದು. ನೋಡಲು ಹೋಗುವವರು ಒಂದು ಮಲ್ಟಿಮೀಟರ್, ಹೋದರೂ ದುಃಖವಾಗದ ಒಂದು ಜೊತೆ ಸಣ್ಣ ಸ್ಪೀಕರ್, ಚೆನ್ನಾಗಿ ಪರಿಚಯವಿರುವ ಒಂದು ಧ್ವನಿಮುದ್ರಣ, ಒಂದು ಗಂಟೆಯ ಬಿಡುವು, ಇವಿಷ್ಟನ್ನು ಜೊತೆಗೆ ಒಯ್ಯಬೇಕು. ಯಂತ್ರ ತಣ್ಣಗಿರುವಾಗಲೇ ಹೋಗುವುದು ಮೇಲು. ಮೊದಲು ಫ್ಯೂಸ್ ನೋಡಬೇಕು. ಅದರ ಜಾಗದಲ್ಲಿ ತಂತಿಯ ತುಂಡು ಸುತ್ತಿದ್ದರೆ ಅಲ್ಲಿಗೇ ನಮಸ್ಕಾರ ಹೇಳಬಹುದು. ಸ್ವಿಚ್ ಹಾಕಿದ ಮೇಲೆ ಎಷ್ಟೋ ಯಂತ್ರಗಳು ಕೆಲವು ಕ್ಷಣ ಕಾದು ‘ಟಕ್’ ಎಂದು ಸದ್ದು ಮಾಡುತ್ತವೆ. ಸ್ಪೀಕರನ್ನು ಕಾಯುವ ರಿಲೇ ತನ್ನ ಕೆಲಸ ಮಾಡಿದ ಸದ್ದು ಅದು. ಸ್ಪೀಕರ್ ಜೋಡಿಸುವ ಮುನ್ನ, ಹಾಡನ್ನೂ ಹಾಕದೆ, ಸ್ಪೀಕರ್ ತಂತಿಯ ಎರಡು ತುದಿಗಳ ನಡುವೆ ನೇರ ವಿದ್ಯುತ್ತನ್ನು ಅಳೆಯಬೇಕು. 50 ಮಿಲಿವೋಲ್ಟಿನೊಳಗೆ ಇದ್ದರೆ ಸಮಾಧಾನ. ನೂರಾರು ಮಿಲಿವೋಲ್ಟ್ ಇದ್ದರೆ ಅನುಮಾನ. ವೋಲ್ಟುಗಟ್ಟಲೆ ಇದ್ದರೆ ಆ ಯಂತ್ರ ಸ್ಪೀಕರಿನ ಸುರುಳಿಯನ್ನು ಸುಡುವುದು ನಿಶ್ಚಯ.

ಅನಂತರ ಹಾಡು. ಎಡಬಲಗಳು ಸಮನಾಗಿ ಕೇಳಬೇಕು. ಒಂದು ಕಡೆ ಕ್ಷೀಣವೆನಿಸಿದರೆ ತಂತಿಗಳನ್ನು ಅದಲುಬದಲು ಮಾಡಿ ನೋಡಿದಾಗ ದೋಷ ಆಂಪ್ಲಿಫೈಯರಿನದೋ ಸ್ಪೀಕರಿನದೋ ತಿಳಿಯುತ್ತದೆ. ಹಾಡು ನಿಲ್ಲಿಸಿದಾಗ ಗುಂಯ್ ಎಂಬ ಸದ್ದು ಉಳಿದರೆ ಕೆಪಾಸಿಟರು ಮುದಿಯಾಗಿರಬಹುದು. ಒಂದು ಗಂಟೆಯ ಬಳಿಕ ಎರಡು ಬದಿಯ ಅಲ್ಯೂಮಿನಿಯಮ್ ರೆಕ್ಕೆಗಳ ಮೇಲೆ ಅಂಗೈ ಸುಳಿಸಿದರೆ ಬಿಸಿ ಸಮನಾಗಿರಬೇಕು. ‘ಕ್ಲಾಸ್ ಎ’ ಜಾತಿಯವು ಹುಟ್ಟುಗುಣದಿಂದಲೇ ಬಹಳ ಬಿಸಿಯಾಗುತ್ತವೆ, ಅದು ದೋಷವಲ್ಲ. ಆದರೆ ಒಂದು ಬದಿ ಸುಡುತ್ತಿದ್ದು ಇನ್ನೊಂದು ತಣ್ಣಗಿರುವುದು ಯಾವ ಜಾತಿಗೂ ಸಲ್ಲದು. ಮುಚ್ಚಳ ತೆಗೆದು ನೋಡುವ ಕೆಲಸವನ್ನು ಬಲ್ಲವರಿಗೇ ಬಿಡಬೇಕು. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರುಗಳಲ್ಲಿ ಅಪಾಯಕರವಾದ ವಿದ್ಯುತ್ ಉಳಿದಿರುತ್ತದೆ.

ಹೊರದೇಶದಿಂದ ಬಂದ ಯಂತ್ರಗಳಲ್ಲಿ ಇನ್ನೊಂದು ಎಚ್ಚರ ಬೇಕು. ಇಲ್ಲಿಯ ಮನೆಯ ವಿದ್ಯುತ್ 230 ವೋಲ್ಟ್, 50 ಹರ್ಟ್ಸ್. ಅಮೆರಿಕದ್ದು 120 ವೋಲ್ಟ್, 60 ಹರ್ಟ್ಸ್. ಜಪಾನಿನದು 100 ವೋಲ್ಟ್. ಹಿಂಭಾಗದ ತಗಡಿನ ಮೇಲೆ ಬರೆದ ಅಂಕಿಯನ್ನು ಓದದೆ ಪ್ಲಗ್ ಹಾಕಿದರೆ ಕೊಂಡ ಯಂತ್ರ ಮೊದಲ ದಿನವೇ ಗುಜರಿಯ ಪಾಲು. ಇಳಿಸುವ ಟ್ರಾನ್ಸ್‌ಫಾರ್ಮರ್ ಬಳಸುವುದಾದರೆ ಅದು ಆಂಪ್ಲಿಫೈಯರ್ ಎಳೆಯುವ ಶಕ್ತಿಗಿಂತ ಸಾಕಷ್ಟು ದೊಡ್ಡದಿರಬೇಕು. ಅದರ ಬೆಲೆಯನ್ನೂ ಯಂತ್ರದ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. 60 ಹರ್ಟ್ಸ್ ಎಂದು ಮಾತ್ರ ಬರೆದ ಯಂತ್ರದ ಟ್ರಾನ್ಸ್‌ಫಾರ್ಮರ್ 50 ಹರ್ಟ್ಸಿನಲ್ಲಿ ಹೆಚ್ಚು ಬಿಸಿಯಾಗುತ್ತದೆಂಬುದೂ ನೆನಪಿರಲಿ. ಬೆಲೆಯ ಜೊತೆಗೆ ರಿಪೇರಿಗೆಂದು ಸ್ವಲ್ಪ ಹಣ ತೆಗೆದಿಡುವುದು ಗೃಹಸ್ಥರ ಲಕ್ಷಣ. ಸದರ್ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ ಕೆಪಾಸಿಟರ್, ಫ್ಯೂಸ್, ರಿಲೇಗಳು ಸಿಕ್ಕುತ್ತವೆ; ಅವನ್ನು ಕೂರಿಸುವ ಅನುಭವಸ್ಥ ಕೈ ಬೇರೆಯಾಗಿ ಹುಡುಕಬೇಕು.

ಮಾರುವವರಿಗೂ ಎರಡು ಮಾತು. ದೋಷ ಹೇಳಿದರೆ ಬೆಲೆ ಇಳಿದೀತೆಂಬ ಅಂಜಿಕೆ ಸಹಜ. ಸ್ವಲ್ಪ ಇಳಿಯಲೂಬಹುದು. ಆದರೆ ಹೇಳಿ ಮಾರಿದವರ ಮನೆಯ ಬಾಗಿಲನ್ನು ಮರುದಿನ ಯಾರೂ ತಟ್ಟುವುದಿಲ್ಲ. ರಿಪೇರಿಯ ಚೀಟಿಗಳು, ಬಳಕೆಯ ಪುಸ್ತಕ, ಮೂಲ ಪೆಟ್ಟಿಗೆ ಇದ್ದರೆ ಅವೇ ಬೆಲೆಯನ್ನು ಎತ್ತಿ ಹಿಡಿಯುತ್ತವೆ. ದೂರದ ಊರಿಗೆ ಕಳುಹಿಸುವಾಗ ಟ್ರಾನ್ಸ್‌ಫಾರ್ಮರಿನ ಭಾರವೇ ಪೆಟ್ಟಿಗೆಯನ್ನು ಒಳಗಿನಿಂದ ಮುರಿಯಬಲ್ಲದು. ಸಾಧ್ಯವಾದಷ್ಟೂ ಕೈಯಿಂದ ಕೈಗೆ ಕೊಡುವುದೇ ಕ್ಷೇಮ. ಮುಂಗಡದ ವಿಷಯದಲ್ಲಿ ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆಯನ್ನು ಕೊಳ್ಳುವವರು ಮರೆಯಬಾರದು. ಮಾರುವವರು ಮರೆಯಬಾರದ ಸಂಗತಿ ಇನ್ನೊಂದು: ಫೋನಿನಲ್ಲಿ ಯುಪಿಐ ಮೂಲಕ ಹಣ ಪಡೆಯುವವರು ಪಿನ್ ಒತ್ತಬೇಕಾಗಿಲ್ಲ, ಯಾವ ಸಂಕೇತಚಿತ್ರವನ್ನೂ ಸ್ಕ್ಯಾನ್ ಮಾಡಬೇಕಾಗಿಲ್ಲ. ಮಾಡಿರೆಂದು ಯಾರಾದರೂ ಹೇಳಿದರೆ ಅವರು ಹಣ ಕೊಡುವವರಲ್ಲ, ಕೀಳುವವರು. ಮೋಸವಾಯಿತೆಂದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆಮಾಡಿ ದೂರು ಕೊಡಬೇಕು.

ಎಷ್ಟು ಮಾಡಿದರೂ ಏಳದ ಯಂತ್ರವೂ ಇರುತ್ತದೆ. ಅದನ್ನು ಬೀದಿಬದಿಯಲ್ಲಿ ಒಡೆದು, ತಾಮ್ರಕ್ಕಾಗಿ ತಂತಿ ಸುಟ್ಟರೆ ಏಳುವ ಹೊಗೆ ನೆರೆಹೊರೆಯ ಮಕ್ಕಳ ಶ್ವಾಸಕ್ಕೆ ಹೋಗುತ್ತದೆ. ಹಳೆಯ ಬೆಸುಗೆಯಲ್ಲಿರುವ ಸೀಸ ಮಣ್ಣಿಗೆ ಸೇರುತ್ತದೆ. ಪೀಣ್ಯವನ್ನು ದಾಟಿ ಅದೇ ತುಮಕೂರು ರಸ್ತೆಯಲ್ಲಿ ಸಾಗಿದರೆ ಸಿಕ್ಕುವ ದಾಬಸ್‌ಪೇಟೆಯಲ್ಲಿ 2005ರಲ್ಲಿ ಆರಂಭವಾದ ಇ-ಪರಿಸರ ಸಂಸ್ಥೆ, ಇಂಥ ತ್ಯಾಜ್ಯವನ್ನು ಕ್ರಮವಾಗಿ ಬಿಡಿಸುವ ಕೆಲಸದಲ್ಲಿ ದೇಶಕ್ಕೇ ಮೊದಲಿಗರಲ್ಲೊಂದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳೂ ಅಧಿಕೃತ ಸಂಸ್ಥೆಗಳ ಮೂಲಕವೇ ವಿಲೇವಾರಿಯಾಗಬೇಕೆನ್ನುತ್ತವೆ.

ಆದರೆ ಗುಜರಿಗೆ ಹೋಗುವ ಎಲ್ಲ ಯಂತ್ರಗಳೂ ಸತ್ತವಲ್ಲ. ಹತ್ತು ರೂಪಾಯಿಯ ಫ್ಯೂಸು ಹೋಗಿದ್ದರಿಂದ, ಏನಾಗಿದೆಯೆಂದು ಹೇಳುವವರಿಲ್ಲದ್ದರಿಂದ, ಕೇಳುವವರಿಲ್ಲದ್ದರಿಂದ ಅಲ್ಲಿಗೆ ಸೇರಿದವೂ ಉಂಟು. ಮನೆಯಲ್ಲಿ ಆಂಪ್ಲಿಫೈಯರ್ ಇರುವವರು ಇಂದೇ ಒಂದು ಹಾಳೆ ತೆಗೆದು, ಕೊಂಡ ವರ್ಷ, ಆದ ರಿಪೇರಿ, ಬದಲಿಸಿದ ಭಾಗಗಳನ್ನು ಬರೆದು ಯಂತ್ರದ ಕೆಳಗೆ ಇಟ್ಟರೆ ಒಳ್ಳೆಯದು. ಅದು ಮುಂದೆ ಯಾರ ಕೈಸೇರಿದರೂ, ಬರೆದಿಟ್ಟವರ ಹೆಸರು ತಿಳಿಯದೆಯೇ, ಅವರನ್ನು ನಂಬಬಹುದು.